ತಕ್ಕದ್ದು

ಮಾತಿನಲ್ಲಿ ಯಾರೂ ‘ತಕ್ಕದ್ದು’ ಅನ್ನುವುದಿಲ್ಲ.
ಊಟಕ್ಕೆ ಬರತಕ್ಕದ್ದು, ಬಾಗಿಲು ಹಾಕತಕ್ಕದ್ದು
ಎಂದರೆ ಮನೆಯಲ್ಲಿ ಮಗಳು ನಗುತ್ತಾಳೆ.
ಆದರೆ ವಸಂತನಗರದ ಈ ಮೂರನೇ ಮಹಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಅನ್ನ
ಆ ಒಂದು ಪದದಲ್ಲೇ ಬೇಯುತ್ತಿದೆ.
ಆಯೋಗ ಇಂಗ್ಲಿಷಿನಲ್ಲಿ ಯೋಚಿಸುತ್ತದೆ,
ನಾನು ಕನ್ನಡ ಮಾಡುತ್ತೇನೆ.

ಕಂಪನಿಯ ಮನವಿ ಇನ್ನೂರ ಹನ್ನೆರಡು ಪುಟ.
ದರ ಪರಿಷ್ಕರಣೆ, ಪ್ರಸರಣ ನಷ್ಟ, ದ್ವಿಮುಖ ಮಾಪಕ,
ಮೇಲ್ಛಾವಣಿ ಸೌರ ವಿದ್ಯುತ್ ಘಟಕ.
‘ಬಿಸಿಲು’ ಎಂಬ ಮಾತು ಒಂದು ಸಲವೂ ಇಲ್ಲ.
ನಾನೂ ಸೇರಿಸಲಿಲ್ಲ.

ವಿಚಾರಣೆಯ ದಿನ ಅದನ್ನು ತಂದವಳು
ಆಕ್ಷೇಪಣೆ ಸಂಖ್ಯೆ ಮೂವತ್ತೇಳು:
ಮುನಿವೆಂಕಟಮ್ಮ, ಹಿಟ್ಟಿನ ಗಿರಣಿ, ಸುಂಕದಕಟ್ಟೆ.
ಅರ್ಜಿಯ ಮೂಲೆಯಲ್ಲಿ ರಾಗಿ ಹಿಟ್ಟಿನ ಹೆಬ್ಬೆರಳು.
ಮೈಕು ಹಿಡಿಯುವುದು ಹೇಗೆಂದು ಯಾರೋ ತೋರಿಸಿದರು;
ಪಕ್ಕಕ್ಕಿಟ್ಟೇ ಮಾತಾಡಿದಳು,
ಗಿರಣಿಯ ಸದ್ದನ್ನು ದಾಟಿ ಪಳಗಿದ ಗಂಟಲು.

“ಶೀಟಿನ ಮೇಲೆ ಹನ್ನೆರಡು ಪ್ಲೇಟು ಕೂರಿಸಿ
ಹದಿನಾಲ್ಕು ತಿಂಗಳಾಯ್ತು.
ಬ್ಯಾಂಕಿನವರು ಕಂತು ಕೇಳೋದು ತಪ್ಪಿಸಿಲ್ಲ,
ಬಿಸಿಲು ಬರೋದು ತಪ್ಪಿಸಿಲ್ಲ,
ನಿಮ್ಮ ಮೀಟರೊಂದು ಬಾಕಿ.
ಹತ್ತು ಕೆಜಿ ರಾಗಿ ತಂದವರಿಗೆ ನಾನು
ಸವಕಳಿ ಅಂತ ಒಂದು ಹಿಡಿ ಬಿಟ್ಟು ಮಿಕ್ಕಿದ್ದು ತೂಗಿ ಕೊಡ್ತೀನಿ.
ಇನ್ನೊಂದು ಹಿಡಿ ಹೋದ್ರೆ ಇಡೀ ಬೀದಿ ಬಂದು ನಿಲ್ಲುತ್ತೆ.
ನಿಮ್ಮ ತಂತಿಯಲ್ಲಿ ನೂರಕ್ಕೆ ಎಷ್ಟು ಸವಕಳಿ, ಸ್ವಾಮಿ?
ಅದನ್ನ ಕೇಳೋಕೆ ಯಾವ ಬೀದಿ ಬರಬೇಕು?”

ಸಭೆ ನಕ್ಕಿತು. ನಡವಳಿಯಲ್ಲಿ ನಾನು ಬರೆದೆ:
‘ಅರ್ಜಿದಾರರು ಪ್ರಸರಣ ನಷ್ಟದ ಬಗ್ಗೆ ಪ್ರಸ್ತಾಪಿಸಿದರು.’

ಕರಡು ಆದೇಶ ಬಂತು. ಹದಿನೇಳನೇ ಕಂಡಿಕೆ:
ಅರ್ಜಿ ಸಲ್ಲಿಸಿದ ಮೂವತ್ತು ದಿನದೊಳಗೆ
ಕಂಪನಿಯು ಮಾಪಕವನ್ನು ಅಳವಡಿಸಬಹುದು.
ಬಹುದು.
ಎಷ್ಟು ಮೆತ್ತಗಿನ ಪದ, ಬೂರುಗದ ಹತ್ತಿಯ ದಿಂಬು;
ತಲೆಯಿಟ್ಟು ಒಂದು ಇಲಾಖೆ ಮಲಗಬಹುದು.

ಕೀಲಿಮಣೆಯಲ್ಲಿ ಎರಡೂ ಪದಕ್ಕೆ ಒಂದೇ ದೂರ.
ಬದಲಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ,
ಗೆಜೆಟ್ಟಿನಲ್ಲಿ ಅಚ್ಚಾಗುವ ತನಕ.
ಕೈ ಓಡಲಿಲ್ಲ. ಅದು ಪ್ರಾಮಾಣಿಕತೆಯೋ ಪಿಂಚಣಿಯೋ
ಈಗಲೂ ಬಿಡಿಸಿ ಹೇಳಲಾರೆ.
ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದೆ:
‘ಇಲ್ಲಿ ತಕ್ಕದ್ದು ಇರಬೇಕಲ್ಲವೇ?’

ಕಡತ ಮೇಲೆ ಹೋಯಿತು. ಮೂರು ಮೇಜು, ಎರಡು ಅಮಾವಾಸ್ಯೆ.
ವಾಪಸು ಬಂದಾಗ ಪೆನ್ಸಿಲು ಅಳಿಸಿತ್ತು,
ಬಹುದು ಬಹುದಾಗಿಯೇ ಇತ್ತು. ಕೆಳಗೆ ಮಾತ್ರ
ಹಸಿರು ಶಾಯಿಯ ಒಂದು ಹೊಸ ಸಾಲು:
‘ತಡವಾದಲ್ಲಿ ಕಾರಣವನ್ನು ಅರ್ಜಿದಾರರಿಗೆ
ಲಿಖಿತವಾಗಿ ತಿಳಿಸತಕ್ಕದ್ದು.’
ಕೆಲಸಕ್ಕೆ ಸಿಗಲಿಲ್ಲ, ಕಾರಣಕ್ಕೆ ಸಿಕ್ಕಿತು ತಕ್ಕದ್ದು.
ಆ ಸಾಲನ್ನು ತಪ್ಪಿಲ್ಲದಿದ್ದರೂ ಎರಡು ಸಲ ಟೈಪು ಮಾಡಿದೆ.

ಆಯುಧಪೂಜೆಯ ಬೆಳಿಗ್ಗೆ ಸುಂಕದಕಟ್ಟೆಗೆ ಹೋದೆ,
ಹಿಂದಿನ ದಿನ ಬೀಸಲು ಕೊಟ್ಟ ಐದು ಕೆಜಿ ರಾಗಿಯ ನೆಪ.
ಅವಳಿಗೆ ನನ್ನ ಗುರುತಿಲ್ಲ.
ಗೋಡೆಯ ಮೊಳೆಗೆ ಮೂರು ಕಾಗದ ಚುಚ್ಚಿತ್ತು:
ಮಾಪಕ ದಾಸ್ತಾನಿಲ್ಲ.
ಪರಿವೀಕ್ಷಕರ ವರ್ಗಾವಣೆಯಾಗಿದೆ.
ಮಾಪಕ ದಾಸ್ತಾನಿಲ್ಲ.
“ಮೊದಲು ಸುಮ್ಮನೆ ಬರ್ತಿರಲಿಲ್ಲ,
ಈಗ ಬರೆದು ಕಳಿಸಿ ಬರ್ತಿಲ್ಲ” ಅಂದಳು.
“ಒಳ್ಳೇದೇ ಆಯ್ತು. ಗ್ರಾಹಕರ ವೇದಿಕೆಯಲ್ಲಿ
ಬಾಯಿಮಾತು ನಡೆಯಲ್ಲ, ಕಾಗದ ಬೇಕು.
ಒಂಬತ್ತನೇ ತಾರೀಕು ಕರೆದಿದ್ದಾರೆ.”

ಗಿರಣಿಗೆ, ಬೆಲ್ಟಿಗೆ, ತಕ್ಕಡಿಗೆ ಕುಂಕುಮವಿಟ್ಟಳು.
ಪ್ಲೇಟುಗಳಿಗೆ ಇಡಲು ಮೊಮ್ಮಗನನ್ನು ಏಣಿ ಹತ್ತಿಸಿದಳು.
ಕೊನೆಗೆ ಬೋಳು ಗೋಡೆಯ ಬಳಿ ಬಂದು
ಮೀಟರಿಗೆಂದು ಕೊರೆದಿಟ್ಟ ನಾಲ್ಕು ತೂತಿಗೆ
ಒಂದೊಂದಾಗಿ ಕುಂಕುಮ.

ಅಲ್ಲೇನೂ ಇಲ್ಲವಲ್ಲಮ್ಮ, ಅಂದೆ.

“ಬರತಕ್ಕದ್ದು” ಅಂದಳು.
ಕಾಗದ ಓದಿ ಓದಿ ಬಾಯಿಗೆ ಹತ್ತಿದೆಯಂತೆ.

ನನ್ನ ಹಿಟ್ಟು ತೂಗಿ ಕೊಟ್ಟಳು.
ಒಂದು ಹಿಡಿ ಕಡಿಮೆ.